ಕಿರೀಟದ ಕನ್ನಡಿ

ಹುಣಸೆಬೀಜದ ಅಂಟು ಕುದಿಯುವ ವಾಸನೆ ಬಂದರೆ ಆದಮ್ಮನಿಗೆ ಈಗಲೂ ಏಳು ವರ್ಷವಾಗಿಬಿಡುತ್ತದೆ. ಹುರಿದ ಬೀಜದ ಕಮಟು, ಅದರ ಬೆನ್ನಿಗೇ ಮೂಗಿಗೆ ತಾಗುವ, ಹುಳ ಹಿಡಿಯದಿರಲೆಂದು ಬೆರೆಸಿದ ಮೈಲುತುತ್ತದ ಘಾಟು, ಪಡಸಾಲೆಯಲ್ಲಿ ನೆನೆಯಲು ಇಟ್ಟ ಕಾಗದದ ಹುಳಿ. ಅವೆಲ್ಲ ಸೇರಿದ್ದು ದೊಡ್ಡಾಟಕ್ಕೆ ಕಿರೀಟ ಮಾಡುತ್ತಿದ್ದ ಅಪ್ಪ ಆದಪ್ಪನ ವಾಸನೆ. ಸುಗ್ಗಿ ಮುಗಿದು ದೊಡ್ಡಾಟದ ದಿನಗಳು ಹತ್ತಿರ ಬಂದವೆಂದರೆ ಮಸ್ಕಿಯ ಅವರ ಓಣಿಯೆಲ್ಲ ಹಾಗೆಯೇ ನಾರುತ್ತಿತ್ತು. "ಆದಪ್ಪನ ಮನ್ಯಾಗ ರಾಜರು ಹುಟ್ಟಾಕತ್ತ್ಯಾರ" ಎಂದು ಹೋಗಿಬರುವವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಈಗ ಆ ವಾಸನೆ ಏಳುತ್ತಿದ್ದದ್ದು ಸಿಂಧನೂರು ರಸ್ತೆಯಲ್ಲಿ ನಿಂತುಹೋಗಿದ್ದ ಒಂದು ಅಕ್ಕಿ ಗಿರಣಿಯ ಹಿಂದೆ. ತಗಡಿನ ನೆರಳಿನಲ್ಲಿ ಸಣ್ಣ ಗ್ಯಾಸ್ ಒಲೆ ಹೂಡಿಕೊಂಡು ಆದಮ್ಮ ಅಂಟು ತಿರುವುತ್ತಿದ್ದಳು. ಮಸ್ಕಿಯಿಂದ ಟೆಂಪೋದಲ್ಲಿ ಬರುವಾಗ ಎರಡು ಕಿರೀಟಗಳ ಕಿವಿ ಬಿಟ್ಟುಕೊಂಡಿದ್ದವು. ಎರಡು ತಿಂಗಳಿಂದ ಕೂತೇ ಕೆಲಸ ಮಾಡಿದ ಮೊಣಕಾಲುಗಳು ಮಡಚಿದರೆ ಬಿಡಿಸಲು ಬಾರವು, ಬಿಡಿಸಿದರೆ ಮಡಚಲು ಬಾರವು. ಐವತ್ತೆಂಟು ವರ್ಷಕ್ಕೆ ಇಷ್ಟು ದಣಿವು ಬರಬಾರದಿತ್ತು ಎಂದು ಅವಳಿಗೆ ಅನಿಸುತ್ತಿತ್ತು. ಹಾಗೆ ಅನಿಸುವುದಕ್ಕೂ ಒಂದು ದಣಿವಿತ್ತು.

ಪಕ್ಕದಲ್ಲಿ ಜಿಲಾನಿಸಾಬ್ ಗೋಡೆಗೆ ಒರಗಿ, ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟ ಕಿರೀಟಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸುತ್ತಿದ್ದರು. ಕನ್ನಡಿ ಕತ್ತರಿಸುವುದನ್ನು ಅವರು ಕಲಿತದ್ದು ಆದಪ್ಪನಿಂದ. ಹಾಳೆ ಕತ್ತರಿಸಿದ ಹಾಗೆ ಕನ್ನಡಿ ಕತ್ತರಿಸುವ ಕೈ. ಅಪ್ಪ ಹೋದ ಮೇಲೆ ಅಂಟು, ಕಾಗದದ ಹಿಟ್ಟು, ಬಂಗಾರದ ಬಣ್ಣದ ಬೇಗಡೆ ಹಾಳೆ ಆದಮ್ಮನದು, ಕನ್ನಡಿ ಅವರದು.

"ಹದಿನೆಂಟು ರಾಜರು ಒಂದ ಸಲಕ್ಕ" ಎಂದರು ಜಿಲಾನಿಸಾಬ್. "ನಮ್ಮ ಆಟದಾಗ ಒಬ್ಬ ರಾಜನ್ನ ಹಿಡಿಯಾದ ಕಷ್ಟ ಇತ್ತು. ಕಳ್ಳು ಕುಡದು ಎಲ್ಲೆರ ಮಕ್ಕಂಡಿರತಿದ್ದ."

"ಇವರು ರಾಜರಲ್ಲಣ್ಣ, ಕಾವಲು ಕಾಯೋರಂತ. ಏಳು ಬಾಗಿಲಿಗೆ."

"ಕಾಯೋರಿಗೇ ಇಂಥಾ ಕಿರೀಟ ಅಂದ್ರ ಒಳಗ ಇರಾವನ ತೆಲಿ ಎಷ್ಟು ಭಾರ ಇರಬೇಕು ನೋಡು."

ಗಿರಣಿಯೊಳಗೆ ಬೆಂಗಳೂರಿನವರು ಸಿನಿಮಾ ಮಾಡುತ್ತಿದ್ದದ್ದು ಫೋನಿನಲ್ಲಿ ಆಡುವ ಒಂದು ಆಟವನ್ನು. ಎರಡು ತಿಂಗಳ ಹಿಂದೆ ಲಿಂಗಸುಗೂರಿನ ಭಾಗ್ಯಶ್ರೀ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದು, ಕಟ್ಟೆಯ ಮೇಲೆ ಕೂತು ಅದನ್ನು ಇಬ್ಬರಿಗೂ ತೋರಿಸಿದ್ದಳು. ಕಲಾ ವಿಭಾಗದಲ್ಲಿ ಅದು ಅವಳ ಮೊದಲ ಕೆಲಸ. ಅಂಗೈಯಗಲದ ಪರದೆಯಲ್ಲಿ ಕಲ್ಲಿನ ಕೋಟೆ, ಬೆಂಕಿ ಕಾರುವ ಗುಡ್ಡ, ಒಂದೊಂದು ಬಾಗಿಲಿಗೂ ಕಿರೀಟ ಇಟ್ಟ ಕಾವಲುಗಾರರು. ಲಕ್ಷಗಟ್ಟಲೆ ಜನ ಇದನ್ನು ಆಡುತ್ತಾರೆಂದೂ, ಅವರು ಸಿನಿಮಾದಲ್ಲಿ ನೋಡಿದ ಕೂಡಲೇ ಗುರುತು ಹಿಡಿಯಬೇಕೆಂದೂ, ಆದರೆ ಆಟಕ್ಕಿಂತ ನೂರು ಪಟ್ಟು ಚೆಂದ ಕಾಣಬೇಕೆಂದೂ ಅವಳು ಹೇಳಿದ್ದಳು. ಜಿಲಾನಿಸಾಬ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ್ದರು.

"ಇವನ ಕಿರೀಟಕ್ಕ ಗದ್ದದ ಕೆಳಗ ಕಟ್ಟಾಕ ಲಾಡಿನ ಇಲ್ಲಲ್ಲವಾ. ಗಾಳಿ ಬಿಟ್ರ ಏನ ಮಾಡ್ತಾನ?"

"ಅದು ಗೇಮ್ ಅಲ್ಲೇನ್ರೀ ಚಾಚಾ, ಬೀಳಂಗಿಲ್ಲ. ಸತ್ರೂ ಮತ್ತ ಎದ್ದು ಬರ್ತಾನ."

"ನಮ್ಮ ಆಟದಾಗೂ ಸತ್ತಾವ್ರು ಏಳ್ತಾರ. ಪರದೆ ಹಿಂದ ಬಂದು ಬೀಡಿ ಸೇದ್ತಾರ."

ಅಂದು ಅವಳು ನಕ್ಕ ನಗುವಿಗೇ ಆದಮ್ಮ ಕೆಲಸ ಒಪ್ಪಿಕೊಂಡಿದ್ದಳೋ ಏನೋ. ದೊಡ್ಡಾಟದವರು ಈಗ ಕಿರೀಟವನ್ನು ರಾಯಚೂರಿನಿಂದ ಪ್ಲಾಸ್ಟಿಕ್ಕಿನದು ತರುತ್ತಾರೆ. ಬೆರಳುಗಳು ಮರೆಯುವ ಮೊದಲು ಇನ್ನೊಂದು ಸಲ ಪೂರಾ ಕೆಲಸ ಮಾಡಿ ನೋಡಬೇಕು, ಅದು ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂಬ ಆಸೆ ಅವಳಿಗೂ ಇತ್ತು, ಬಾಯಿಬಿಟ್ಟು ಹೇಳದಿದ್ದರೂ ಜಿಲಾನಿಸಾಬರಿಗೂ ಇತ್ತು.

ಅಂಟು ಹದಕ್ಕೆ ಬರುವ ಹೊತ್ತಿಗೆ ಭಾಗ್ಯಶ್ರೀ ಗಿರಣಿಯ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಸುಣ್ಣದ ಹಾಗಿತ್ತು.

"ಅಮ್ಮಾ, ಸ್ವಲ್ಪ ಒಳಗ ಬರ್ತೀರೇನ್ರಿ? ಚಾಚಾ, ನೀವೂ."

ಗೋದಾಮಿನ ಗೋಡೆಗೆಲ್ಲ, ನೆಲಕ್ಕೂ ಸಹ, ಎಳೆಯ ಭತ್ತದ ಬಣ್ಣದ ಹಸಿರು ಬಟ್ಟೆ ಹೊದಿಸಿದ್ದರು. ಒಬ್ಬ ನಟ ಆದಮ್ಮನ ಕಿರೀಟ ಇಟ್ಟುಕೊಂಡು ನಡುವೆ ನಿಂತಿದ್ದ. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಕಿರೀಟ ಕೆಡುತ್ತದೆಂದು ಅವನು ಕೈ ಹಚ್ಚಿರಲಿಲ್ಲ. ಆದಮ್ಮ ಅದನ್ನು ಗಮನಿಸಿದಳು. ದೀಪದ ಬೆಳಕಿಗೆ ಕನ್ನಡಿಗಳೆಲ್ಲ ಜೀವ ಬಂದ ಹಾಗೆ ಮಿನುಗುತ್ತಿದ್ದವು. ಒಂದು ಕ್ಷಣ ಅವಳಿಗೆ ಎದೆ ತುಂಬಿತು.

"ಅಮ್ಮ, ಇಲ್ಲಿ ನೋಡಿ" ಎಂದು ಬೆಂಗಳೂರಿನ ಕಲಾ ನಿರ್ದೇಶಕ ಟಿವಿಯಂಥ ಪರದೆಯ ಕಡೆ ಕೈ ತೋರಿಸಿದ.

ಪರದೆಯಲ್ಲಿ ಹಸಿರು ಇರಲಿಲ್ಲ. ಹಸಿರು ಇದ್ದಲ್ಲೆಲ್ಲ ಕಂಪ್ಯೂಟರ್ ಅದನ್ನು ಅಳಿಸಿ, ಫೋನಿನಲ್ಲಿ ಕಂಡಿದ್ದ ಬೆಂಕಿಯ ಗುಡ್ಡವನ್ನು ತಂದು ಕೂರಿಸಿತ್ತು. ನಟ ಅದರ ಮುಂದೆ ನಿಂತಿದ್ದ. ಆದರೆ ಅವನ ಕಿರೀಟದ ತುಂಬ ತೂತು. ಒಂದೊಂದು ಕನ್ನಡಿಯೂ ಎದುರಿನ ಹಸಿರು ಬಟ್ಟೆಯನ್ನು ತನ್ನೊಳಗೆ ತುಂಬಿಕೊಂಡಿತ್ತು. ಕಂಪ್ಯೂಟರ್ ಆ ಹಸಿರನ್ನೂ ಬಿಡದೆ ಅಳಿಸಿತ್ತು. ಇಲಿ ಕಡಿದ ರೊಟ್ಟಿಯ ಹಾಗೆ, ನಲವತ್ತು ತೂತುಗಳಿಂದ ನಲವತ್ತು ಚೂರು ಬೆಂಕಿ ಕಾಣುತ್ತಿತ್ತು.

ಕಲಾ ನಿರ್ದೇಶಕ ಮೂರು ದಿನದಿಂದ ನಿದ್ದೆ ಮಾಡಿದಂತಿರಲಿಲ್ಲ. ಕೈಯಲ್ಲಿನ ಚಹಾ ಆರಿ ಕೆನೆ ಕಟ್ಟಿತ್ತು.

"ಡ್ರಾಯಿಂಗ್‌ನಲ್ಲಿ ಹೊಳಪಿಲ್ಲದ ಕೆಂಪು ಕಲ್ಲು ಅಂತ ಬರೆದಿದೆ. ಕನ್ನಡಿ ಎಲ್ಲೂ ಇಲ್ಲ. ಇದನ್ನ ಯಾರು ಹಾಕಿದ್ದು?"

ಆದಮ್ಮ ಜಿಲಾನಿಸಾಬರ ಕಡೆ ನೋಡಲಿಲ್ಲ. ಯಾರು ಹಾಕಿದ್ದೆಂದು ಅವಳಿಗೆ ಗೊತ್ತು. ಕಲ್ಲು ಕೂರಿಸಿದ ಮೇಲೂ ಅವರು ಕಿರೀಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಕನ್ನಡಿ ಇಲ್ಲದ ಕಿರೀಟ ಅಂದ್ರ ಕುಂಕುಮ ಇಲ್ಲದ ಹಣಿ ಇದ್ದಂಗ" ಎಂದಿದ್ದರು. ಹಿಂದೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ಆಡುವಾಗ, ಕಟ್ಟಕಡೆಗೆ ಬಂಡಿಯ ಮೇಲೆ ಕೂತವರಿಗೂ ರಾಜ ಯಾರೆಂದು ತಿಳಿಯುತ್ತಿದ್ದದ್ದು ಆ ಮಿಂಚಿನಿಂದಲೇ. ಸಿನಿಮಾ ಅಂದರೆ ಅದಕ್ಕಿಂತ ದೊಡ್ಡದು. ಹಾಗಾಗಿ ಹದಿನಾರು ಹಾಕುವಲ್ಲಿ ನಲವತ್ತು ಹಾಕಿದ್ದರು. ಕಿರೀಟ ಒಯ್ಯಲು ಬಂದ ಭಾಗ್ಯಶ್ರೀ ಒಂದನ್ನು ಬಿಸಿಲಿಗೆ ಹಿಡಿದು, "ಅಯ್ಯ, ಎಷ್ಟ ಛಲೋ ಕಾಣಾಕತ್ತೈತ್ರಿ ಚಾಚಾ, ಇರ್ಲಿ ಬಿಡ್ರಿ" ಎಂದು ಅಂಗಳದಲ್ಲಿ ಬೆಳಕು ಕುಣಿಸಿದ್ದಳು.

"ನಾನ ಸರ್" ಎಂದಳು ಭಾಗ್ಯಶ್ರೀ. "ಹಾಕ್ರಿ ಅಂತ ನಾನ ಹೇಳಿದ್ದೆ."

ಜಿಲಾನಿಸಾಬ್ ತಲೆ ಎತ್ತಿದರು. ಹುಡುಗಿ ನೆಲದ ಹಸಿರನ್ನೇ ನೋಡುತ್ತಿದ್ದಳು.

"ನೀನು ಹೇಳಿದೆಯಾ?" ಕಲಾ ನಿರ್ದೇಶಕ ಕೂಗಲಿಲ್ಲ, ಕೂಗಲೂ ಅವನಲ್ಲಿ ಶಕ್ತಿ ಇರಲಿಲ್ಲ. "ಐದಕ್ಕೆ ಶಾಟ್ ಇದೆ. ಅಷ್ಟರಲ್ಲಿ ಸರಿ ಆಗಲಿಲ್ಲ ಅಂದ್ರೆ ಎಲ್ಲಾ ವಾಪಸ್ ಕಳಿಸ್ತೀನಿ, ಕಿರೀಟಾನೂ ಕಂಪ್ಯೂಟರ್‌ನಲ್ಲೇ ಮಾಡಿಸ್ತೀನಿ. ನೀನೂ ನಾಳೆಯಿಂದ ಬರೋದು ಬೇಡ."

ಹೊಳಪು ಮುಚ್ಚುವ ಔಷಧವೊಂದು ಅವರ ಬಳಿ ಡಬ್ಬಿಯಲ್ಲಿತ್ತು. ಒಂದು ಕಿರೀಟದ ಹಿಂಬದಿಯ ಅಂಚಿಗೆ ಅದನ್ನು ಚೂರು ಸಿಂಪಡಿಸಿ ನೋಡಿದರು. ಕನ್ನಡಿ ಮಂಕಾಯಿತು, ಜೊತೆಗೆ ಬೇಗಡೆಯೂ ಸುಟ್ಟ ಹಪ್ಪಳದಂತೆ ಮುದುಡಿ ಕಪ್ಪಾಯಿತು. ಆದಮ್ಮ ಕೈಯೊಡ್ಡಿ ಆ ಡಬ್ಬಿಯನ್ನು ತಡೆದಳು.

"ಬ್ಯಾಡ್ರಿ ಸಾಹೇಬರ. ಕೀಳಾದೂ ಬ್ಯಾಡ, ಕಿತ್ರ ಕಿರೀಟನ ಬಿಚ್ಚತೈತಿ. ನನ್ನ ಹತ್ರ ಬಿಳಿಮಣ್ಣು ಐತಿ. ಅಂಟಿನ್ಯಾಗ ಮಸಿ ಕೂಡ್ಸಿ ಒಂದು ತೆಳ್ಳನ ಲೇಪ ಕೊಟ್ರ ಕನ್ನಡಿ ಕಾಣಂಗಿಲ್ಲ. ನಿಮ್ಮ ಕೆಲಸ ಮುಗದ ಮ್ಯಾಲ ಹಸಿ ಬಟ್ಟಿಲೆ ಒರಿಸಿದ್ರ ಹೋಗತೈತಿ."

"ಮಿಂಚಬಾರದು ಅಷ್ಟೇ ಅಮ್ಮ. ಆಮೇಲೆ ಮಿಂಚನ್ನ ನಾವು ಕಂಪ್ಯೂಟರ್‌ನಲ್ಲಿ ಹಾಕ್ಕೋತೀವಿ."

ಆದಮ್ಮ ಅವನನ್ನು ನೋಡಿದಳು. "ಇದ್ದ ಮಿಂಚು ಮುಚ್ಚಿ ಇಲ್ಲದ ಮಿಂಚು ಹಾಕ್ತೀರೇನ್ರಿ?"

ಅವನಿಗೂ ಅರೆನಗು ಬಂತು. "ಹೌದಮ್ಮ. ನಮ್ಮ ಹಣೆಬರಹ."

ಹಿಂದಿನ ತಗಡಿನ ನೆರಳಿಗೆ ಮರಳಿದಾಗ ಹನ್ನೆರಡು ದಾಟಿತ್ತು. ಆದಮ್ಮ ಮಣ್ಣು ಕಲೆಸಿದಳು. ಬೆರಳಿಗೆ ಹಚ್ಚಿ ನೋಡಿದಳು, ಇನ್ನಷ್ಟು ಮಸಿ ಕೂಡಿಸಿದಳು. ಹದಿನೆಂಟು ಕಿರೀಟ, ಒಂದೊಂದಕ್ಕೆ ನಲವತ್ತು. ಲೇಪ ಬೇಗಡೆಗೆ ತಾಗದಂತೆ ಕನ್ನಡಿಗಷ್ಟೇ ಹಚ್ಚಬೇಕು. ಅಂಚು ಹಿಡಿಯಲು ಜಿಲಾನಿಸಾಬರ ಕೈಯೇ ಬೇಕು. ಅವಳ ಕಣ್ಣಿಗೆ ಅಂಚು ಎರಡೆರಡಾಗಿ ಕಾಣಲು ಶುರುವಾಗಿ ವರ್ಷವಾಗಿತ್ತು.

"ಅಣ್ಣ" ಎಂದಳು.

ಜಿಲಾನಿಸಾಬ್ ನಿಂತೇ ಇದ್ದರು. "ನನ್ನ ಕೈಲೆ ಆಗಂಗಿಲ್ಲ ಆದವ್ವ."

"ನಿನ್ನ ಬಿಟ್ರ ಯಾರಿಗೆ ಆಗತೈತಿ?"

"ನಿಮ್ಮಪ್ಪ ಏನಂತಿದ್ದ? ಕನ್ನಡಿ ಕೂಡ್ಸೂದಂದ್ರ ಕಣ್ಣು ತಗಸೂದು ಅಂತಿದ್ದ. ತಗಸಿದ ಕಣ್ಣಿಗೆ ಮಣ್ಣು ಮೆತ್ತು ಅಂತೀಯಲ್ಲ."

"ತೊಳದ್ರ ಹೋಗತೈತಿ."

"ತೊಳಿಯಾಕ ಯಾರ ಬರ್ತಾರ?" ಅವರ ದನಿ ಏರಿತು. "ಸಿನಿಮಾ ನೋಡಾವ್ರು ಬಕೀಟು ಹಿಡಕೊಂಡು ಬರ್ತಾರೇನು?"

ಆದಮ್ಮ ಮಣ್ಣು ಕಲೆಸುತ್ತಲೇ ಇದ್ದಳು. ಜಿಲಾನಿಸಾಬ್ ಹೆಗಲ ಮೇಲಿನ ವಸ್ತ್ರ ಕೊಡವಿ, ಚಪ್ಪಲಿ ಮೆಟ್ಟಿ, ರಸ್ತೆಯ ಕಡೆ ನಡೆದರು. ಗೇಟಿನ ಆಚೆ ಮಸ್ಕಿಯ ಬಸ್ಸು ನಿಲ್ಲುತ್ತದೆ. ಅವಳು ಕರೆಯಲಿಲ್ಲ. ನಲವತ್ತು ವರ್ಷದಲ್ಲಿ ಅವರು ಮುನಿಸಿಕೊಂಡು ಎದ್ದುಹೋದದ್ದು ಎರಡು ಸಲ. ಎರಡು ಸಲವೂ ಕರೆದವರ ಮಾತಿಗೆ ಅವರು ಬಂದಿರಲಿಲ್ಲ.

ಭಾಗ್ಯಶ್ರೀ ಬಂದು ಎದುರಿಗೆ ಕೂತಳು. ಚೂಡಿದಾರದ ತೋಳು ಮೇಲೇರಿಸಿ, ಒಂದು ಕಿರೀಟ ತೊಡೆಯ ಮೇಲಿಟ್ಟುಕೊಂಡಳು.

"ಹೆಂಗ ಹಚ್ಚಬೇಕು ತೋರ್ಸ್ರಿ ಅಮ್ಮಾ."

"ನೀ ಯಾಕವ್ವಾ ಸುಳ್ಳ ಹೇಳಿದಿ?"

"ಪೂರಾ ಸುಳ್ಳಲ್ರಿ. ಇರ್ಲಿ ಅಂದಾಕಿ ನಾನ ಅಲ್ಲೇನು." ಅವಳು ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಚಾಚಾಗ ಬೈಸ್ಕೊಳ್ಳೂ ವಯಸ್ಸು ಅಲ್ರಿ. ನನಗ ದಿನಾ ರೂಢಿ ಆಗೈತಿ."

ಆದಮ್ಮ ಬಟ್ಟೆಯ ಮೊನೆಯನ್ನು ಮಣ್ಣಿನಲ್ಲಿ ಅದ್ದಿ, ಹಿಂಡಿ, ಕನ್ನಡಿಯ ನಡುವಿನಿಂದ ಅಂಚಿಗೆ ಸುತ್ತುತ್ತ ಬರುವುದನ್ನು ತೋರಿಸಿದಳು. ಮೊದಲನೆಯದು ಮುಚ್ಚಿದಾಗ ಅವಳೇ ಮುಖ ತಿರುಗಿಸಿದಳು. ಹತ್ತನೆಯದಕ್ಕೆ ಅಭ್ಯಾಸವಾಯಿತು. ಹುಡುಗಿಯ ಕೈ ಮೆಲ್ಲಗಿತ್ತು. ಬೇಗಡೆಗೆ ತಾಗಿದಾಗಲೆಲ್ಲ "ತಪ್ಪಾತ್ರಿ" ಎಂದು ಕಿರೀಟಕ್ಕೇ ಹೇಳುವಂತೆ ಹೇಳಿ ಒರೆಸುತ್ತಿದ್ದಳು.

ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಗಿರಣಿಯ ಮುಂದೆ ನಟರಿಗೆ ಒಂದು ಸಾಲು, ಕ್ಯಾಮೆರಾದವರಿಗೆ ಒಂದು, ಉಳಿದವರಿಗೆ ಇನ್ನೊಂದು. ಭಾಗ್ಯಶ್ರೀ ಏಳಲಿಲ್ಲ. ಎದ್ದು ಹೋಗಲು ಆದಮ್ಮ ಎರಡು ಸಲ ಹೇಳಿದಳು. "ಇದೊಂದು ಮುಗಿಸ್ತೀನ್ರಿ" ಎಂದು ಎರಡು ಸಲವೂ ಹುಡುಗಿ ಹೇಳಿದಳು. ಅದೊಂದು ಮುಗಿಯುವಷ್ಟರಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿಬಂತು. ಗೇಟಿನ ಬಳಿ ಬಸ್ಸೊಂದು ನಿಂತು, ಹಾರ್ನ್ ಹೊಡೆದು, ಹೊರಟುಹೋಯಿತು. ಆದಮ್ಮ ಆ ಕಡೆ ನೋಡದೆ ಲೆಕ್ಕ ಹಾಕಿದಳು: ನಾಲ್ಕಾಗಿವೆ, ಹದಿನಾಲ್ಕು ಉಳಿದಿವೆ. ಇಬ್ಬರಿಂದ ಐದರೊಳಗೆ ಆಗುವ ಮಾತಲ್ಲ.

ಹುಡುಗಿಗೂ ಅದು ಗೊತ್ತಾಗಿತ್ತು. ಅವಳ ಕೈ ನಿಂತಿರಲಿಲ್ಲ, ಆದರೆ ಕಣ್ಣಂಚು ಒದ್ದೆಯಾಗಿತ್ತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಬೂದು ಮಣ್ಣು ಮೆತ್ತಿಕೊಂಡಳು.

"ಲಿಂಗಸುಗೂರಾಗ ಎಲ್ಲಾರ್ಗೂ ಹೇಳ್ಕೊಂಡು ಬಂದೀನ್ರಿ ಅಮ್ಮಾ" ಎಂದಳು, ತಲೆ ಎತ್ತದೆ. "ಹೆಸರು ಬರತೈತಿ ಅಂತ. ಕಡೀಕ, ಸಣ್ಣಕ್ಷರದಾಗ."

ಆದಮ್ಮ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕಕ್ಕೆ ಸರಿದು ಕೂತಳು.

ಬಿಸಿಲು ತಗಡಿನ ಅಂಚಿನಿಂದ ಒಳಗೆ ಒಂದು ಗೇಣು ಬಂದಿತ್ತು. ಅದರ ಮೇಲೆ ನೆರಳು ಬಿದ್ದಾಗ ಇಬ್ಬರೂ ತಲೆ ಎತ್ತಿದರು. ಜಿಲಾನಿಸಾಬ್ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು; ಬಿಸಿಲಲ್ಲಿ ಬಹಳ ದೂರ ನಡೆದು ಬಂದಂತಿತ್ತು. ಅವರು ಆದಮ್ಮನ ಕಡೆ ನೋಡಲಿಲ್ಲ. ಮುಗಿದ ನಾಲ್ಕು ಕಿರೀಟಗಳ ಕಡೆ ನೋಡಿದರು. ಒಂದನ್ನು ಕೈಗೆತ್ತಿಕೊಂಡು, ಅಂಚು ತಪ್ಪಿದ ಜಾಗವೊಂದನ್ನು ಉಗುರಿನಿಂದ ತಿದ್ದಿ, ಮೊದಲಿದ್ದಲ್ಲೇ ಇಟ್ಟರು.

ಆಮೇಲೆ ಭಾಗ್ಯಶ್ರೀಯ ಎದುರು ನಿಧಾನವಾಗಿ ಚಕ್ಕಳಮಕ್ಕಳ ಹಾಕಿ ಕೂತರು. ವಸ್ತ್ರದ ಮಡಿಕೆಯಿಂದ ಒಂದು ಪೊಟ್ಟಣ ತೆಗೆದರು. ಎಣ್ಣೆ ಹತ್ತಿದ ಪತ್ರಿಕೆ, ಒಳಗೆ ಇನ್ನೂ ಬಿಸಿಯಿದ್ದ ಮಂಡಾಳ ಒಗ್ಗರಣೆ, ಮೇಲೆರಡು ಮಿರ್ಚಿ. ಹುಡುಗಿಯ ಕೈಯಿಂದ ಮಣ್ಣಿನ ಬಟ್ಟೆಯನ್ನು ಬಿಡಿಸಿಕೊಂಡು, ತೊಡೆಯ ಮೇಲಿದ್ದ ಕಿರೀಟವನ್ನು ತಮ್ಮ ತೊಡೆಗೆ ಎತ್ತಿಕೊಂಡು, ಪೊಟ್ಟಣವನ್ನು ಆ ಖಾಲಿ ಕೈಗಳಲ್ಲಿ ಇಟ್ಟರು.