ದೈತ್ಯನಿಗೆ ಜೊತೆಯಾದ ಇಲಿ

ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಅಣ್ಣ ಮಾತು ನಿಲ್ಲಿಸಿಬಿಟ್ಟಿದ್ದ. ದಿನವಿಡೀ ಕಟ್ಟಡಗಳಿಗೆ ಕರೆಂಟಿನ ತಂತಿ ಎಳೆಯುತ್ತಿದ್ದವನು ಈಗ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಕೊನೆಗೆ ಅವನ ಬಾಯಿ ಬಿಡಿಸಿದ್ದು ಫೋನಿನ ಒಂದು ಆಟ. ಅದರಲ್ಲಿ ಚಿತ್ರಗಳಿಲ್ಲ, ಎಲ್ಲವೂ ಅಕ್ಷರ. ‘ಹೊಡೆ’ ಎಂದು ಬರೆದರೆ ಏಟು ಎಲ್ಲಿ ಬಿತ್ತೆಂದು ಒಂದು ಸಾಲು ಮೂಡುತ್ತದೆ. ಪಾತ್ರ ಸತ್ತರೆ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಅಣ್ಣ ಆರಿಸಿಕೊಂಡಿದ್ದು ದೈತ್ಯರ ಕುಲ. ಇಟ್ಟುಕೊಂಡ ಹೆಸರು ಬಂಡೆ. ಅವನ ಕಾಟ ತಾಳಲಾರದೆ ನಾನೂ ಸೇರಿದೆ, ಇಲಿಜನರ ಕುಲಕ್ಕೆ.

“ಹೋಗಿ ಹೋಗಿ ಇಲೀನಾ? ನಿನ್ನ ಏಟಿಗೆ ಸೊಳ್ಳೆನೂ ಸಾಯಲ್ಲ.”

“ತಪ್ಪಿಸ್ಕೊಳ್ಳೋಕೆ ಬರುತ್ತಲ್ಲ.”

“ಅದೊಂದು ನಿಂಗೆ ಚೆನ್ನಾಗಿ ಬರುತ್ತೆ. ಮನೆಗೆ ಯಾರಾದ್ರೂ ಬಂದ್ರೆ ಅಡುಗೆಮನೆ ಸೇರೋಳಲ್ವಾ.”

ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಯಿಂದ ತಂದ ಅಂಗಿಗಳಿಗೆ ಗುಂಡಿ ಹಚ್ಚುತ್ತ ಅವನ ಕಾಲಬಳಿ ಕೂತಿದ್ದೆ. ಆಟದಲ್ಲಿ ಇಬ್ಬರೂ ಗುಹೆಗೆ ಇಳಿದಿದ್ದೆವು. ಕಲ್ಲಿನ ಏಡಿಯೊಂದು ಎದುರಾಯಿತು.

“ನೀನು ಹಿಂದೆ ನಿಲ್ಲು, ಕೈ ಹಾಕ್ಬೇಡ,” ಎಂದ ಅಣ್ಣ. ಯಾವಾಗಲೂ ಅದೇ ಮಾತು. ಚಿಕ್ಕವಳಿದ್ದಾಗ ರಸ್ತೆ ದಾಟಿಸುವಾಗಲೂ ಹಾಗೇ ಹೇಳುತ್ತಿದ್ದ.

ಬಂಡೆಯ ಏಟಿಗೆ ಏಡಿಯ ಚಿಪ್ಪು ಬಿರುಕು ಬಿಟ್ಟಿತು. ಆದರೆ ಪ್ರತಿ ಏಟಿನ ನಂತರ ದೈತ್ಯ ಸುಧಾರಿಸಿಕೊಳ್ಳಬೇಕು. ಅಷ್ಟರಲ್ಲಿ ಏಡಿ ಮೇಲಿಂದ ಮೇಲೆ ಬಾರಿಸಿತು. ಅಣ್ಣ ‘ಓಡು’ ಎಂದು ಬರೆದ. ‘ದಾರಿ ಕಿರಿದು, ದೈತ್ಯ ತಿರುಗಲಾರ’ ಎಂದು ಉತ್ತರ ಬಂತು. ಅದರ ಕೆಳಗೇ, ‘ಬಂಡೆ ಸಾವಿನಂಚಿನಲ್ಲಿದ್ದಾನೆ.’

ಅವನ ಮುಖ ನೋಡಿದೆ. ಬಂಡೆ ಹೋದರೆ ಇವನು ಮತ್ತೆ ಬಾಯಿ ಮುಚ್ಚಿಕೊಂಡು ಮಲಗುತ್ತಾನೆ ಎನ್ನಿಸಿತು. ಹಿಂದೆ ನಿಂತು ಬೇರೆ ಆಟಗಾರರ ಕಾಳಗಗಳನ್ನೂ ನೋಡಿದ್ದೆನಲ್ಲ, ಆ ಗುಹೆಯ ಪ್ರಾಣಿಗಳೆಲ್ಲ ಕಡೆಯದಾಗಿ ಯಾರು ಹೊಡೆದರೋ ಅವರ ಮೇಲೇ ಬೀಳುತ್ತಿದ್ದವು. ಅವನನ್ನು ಕೇಳದೆ ನನ್ನ ಫೋನಿನಲ್ಲಿ ‘ಕಚ್ಚು’ ಎಂದು ಬರೆದೆ.

“ಏಯ್, ಬೇಡ ಅಂದ್ನಲ್ಲ. ಸಾಯ್ತೀಯ.”

ಏಡಿ ನನ್ನತ್ತ ತಿರುಗಿತು. ಅದು ಬೀಸಿದ ಏಟು ತಪ್ಪಿತು. ಇನ್ನೊಂದೂ ತಪ್ಪಿತು.

“ನೀನು ಸುಧಾರಿಸ್ಕೊಂಡು ಹೊಡಿ ಅಣ್ಣ. ಆಮೇಲೆ ನಾನು ಕಚ್ತೀನಿ, ಅದು ನನ್ನ ಕಡೆ ಬರುತ್ತೆ.”

ನನ್ನ ಪಾಲಿಗೆ ಅದೇ ಒಂದು ಭಾಷಣ. ಅವನು ಹೊಡೆದ, ನಾನು ಕಚ್ಚಿದೆ. ಅವನು ಹೊಡೆದ, ನಾನು ಕಚ್ಚಿದೆ. ಕಡೆಗೂ ಆ ಸಾಲು ಬಂತು: ‘ಏಡಿ ಕುಸಿಯಿತು.’

ಅಣ್ಣ ಫೋನನ್ನು ಎದೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಟ್ಟ.

“ನಿನಗೆ ಪೆಟ್ಟಾಗ್ಬಾರ್ದು ಅಂತ ಇಷ್ಟು ದಿನ ನಾನೊಬ್ನೇ ಒದೆ ತಿಂದ್ನಲ್ಲೇ, ಪೆದ್ದನ ಹಾಗೆ.”

ತಕ್ಷಣ, ಅದೇ ಆಟ ಆಡುವ ಜೊತೆ ಕೆಲಸದವನಿಗೆ ಫೋನು ಹಚ್ಚಿದ. “ಬರೀ ದೈತ್ಯ ಸಾಲಲ್ಲ ಕಣೋ, ಪಕ್ಕದಲ್ಲೊಂದು ಇಲಿ ಬೇಕು... ನಿಂಗೆಲ್ಲಿ ಕೊಡ್ಲಿ, ಅದು ನಮ್ಮನೆ ಇಲಿ.” ಅವನ ನಗು ಮನೆಯೆಲ್ಲ ತುಂಬಿತು.

ಮೆಲ್ಲಗೆ ಮಾತಾಡು ಎನ್ನಲು ಬಂದ ಅಮ್ಮ ಬಾಗಿಲಲ್ಲೇ ನಿಂತಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಲ್ಲೇ ಹೊಸ್ತಿಲ ಮೇಲೆ ಕೂತಳು.