ಹುಲಿಕಲ್ಲಿನ ನಾಂದಿ

ಹೇರಂಬ ಹಾಡಿನ ಪ್ಲೇಟನ್ನು ಗ್ರಾಮಫೋನ್ ಯಂತ್ರದ ಮೇಲಿಟ್ಟು ಮುಳ್ಳಿಗೆ ಕೈ ಚಾಚುವಷ್ಟರಲ್ಲಿ ಹೂವಯ್ಯ ಅವನ ಮಣಿಕಟ್ಟನ್ನು ಹಿಡಿದ.

"ಭಟ್ರೇ, ಇದು ಹೆಣ ಇಟ್ಟ ಅಂಗಳ. ನಿಮ್ಮ ಕಿರುಚಾಟಕ್ಕೆ ಬೇರೆ ಜಾಗ ಸಿಗ್ಲಿಲ್ವಾ?"

ಚಟ್ಟದ ಮೇಲೆ ಮಲಗಿದ್ದವನು ಹೂವಯ್ಯನ ಅಣ್ಣ ಜಯಪ್ಪ. ತೀರ್ಥಹಳ್ಳಿಯ ಸುತ್ತಮುತ್ತ ಮದುವೆ, ಭಾಷಣ, ಬಯಲಾಟಗಳಿಗೆ ಬಹುಕಾಲ ಮೈಕು ಕಟ್ಟಿದವನು. ಪರರ ದನಿಯನ್ನು ದೂರ ಮುಟ್ಟಿಸುವುದೇ ಅವನ ವೃತ್ತಿಯಾಗಿತ್ತು. ಸಂತಾನವಿಲ್ಲದ ಅವನಿಗೆ ತಮ್ಮನೇ ಬೆಂಕಿ ಕೊಡಬೇಕು. ಹೂವಯ್ಯ ಬೆಂಕಿಮಡಕೆ ಹಿಡಿದು ಮುಂದೆ ನಡೆಯದ ಹೊರತು ಚಟ್ಟ ಏಳುವಂತಿರಲಿಲ್ಲ.

"ಹಾಕೋಕ್ ಹೇಳಿದ್ದು ನಾನು," ಎಂದಳು ಜಯಪ್ಪನ ಹೆಂಡತಿ ದುಗ್ಗಮ್ಮ. "ಊರೋರ ದನಿಯೆಲ್ಲ ದೊಡ್ಡದು ಮಾಡ್ದೋರು. ಅವರ ದನಿ ಉಳ್ದಿರೋದು ಆ ಪ್ಲೇಟಲ್ಲಿ ಮಾತ್ರ. ಒಂದ್ಸಲ ಕೇಳಿ ಕಳಿಸ್ತೀನಿ, ಹೂವಯ್ಯ."

"ನನ್ನ ಮಗಳ ಧಾರೇಲಿ ಕೇಳ್ಸಿದ್ದು ಸಾಕಾಗ್ಲಿಲ್ವಾ ಅತ್ತಿಗೆ?"

"ಅವತ್ತು ಪುರೋಹಿತ್ರ ಕೈಯಿಂದ ಗಿಂಡೀನೇ ಜಾರ್ತು," ಎಂದ, ಜಗಲಿಯಲ್ಲಿ ಕುಳಿತಿದ್ದ ನೆರೆಮನೆಯ ಮುದುಕ ರಾಮಚಂದ್ರಪ್ಪ. "ಮದುಮಗ ಮಾತ್ರ ಬಾಸಿಂಗ ಅಲ್ಲಾಡೋ ಹಂಗೆ ತಲೆ ಕುಣಿಸ್ತಿದ್ದ. ನಾನೇ ನೋಡೀನಿ ಮಾರಾಯ!"

ಹೆಂಗಸರ ನಡುವೆ ಯಾರೋ ನಗು ತಡೆದರು. ಹೂವಯ್ಯ ನಗಲಿಲ್ಲ.

*

ಸಾಗರದ ಕಾಲೇಜಿನಲ್ಲಿ ಕೂಡಿದ ನಾಲ್ವರು ಯುವಕರು 'ಸಿಡಿಲು' ಎಂಬ ರಾಕ್ ತಂಡ ಕಟ್ಟಿದ್ದರು, ಗಿಟಾರು ಹೇರಂಬನದು. ಅವರ ಮೊದಲ ಧ್ವನಿಮುದ್ರಿಕೆ ಅಂಗಡಿಗಳಲ್ಲೇ ಧೂಳು ಹಿಡಿಯಿತು. ೧೯೭೯ರಲ್ಲಿ ಎರಡನೆಯದಕ್ಕಾಗಿ ಮದರಾಸಿಗೆ ಹೊರಟಾಗ, ಸಾಮಾನು ನೋಡಿಕೊಳ್ಳಲು ಜಯಪ್ಪನನ್ನೂ ಕರೆದೊಯ್ದರು.

ಸ್ಟುಡಿಯೋದಲ್ಲಿ ಟೇಪು ಆಗಲೇ ತಿರುಗುತ್ತಿತ್ತು. ಅದನ್ನರಿಯದ ಜಯಪ್ಪ ತನ್ನ ವಾಡಿಕೆಯಂತೆ ಚಪ್ಪಲಿ ಕಳಚಿ, ಮೈಕಿನ ಮುಂದೆ ಕೈಮುಗಿದು, ಊದಿ ನೋಡಿ, ಗಣಪತಿಯನ್ನು ನೆನೆದು ಕೂಗಿದ. ಅವನ ಮಾತು ಮುಗಿಯುತ್ತಲೇ ಹೇರಂಬ ತಂತಿ ಮೀಟಿದ. ಅದನ್ನು ಕತ್ತರಿಸಿ ತೆಗೆಯಹೊರಟ ಧ್ವನಿಮುದ್ರಣದವನಿಗೆ, "ಬೇಡ, ನಮ್ಮ ನಾಂದಿ ಇದೇ," ಎಂದ.

'ಹುಲಿಕಲ್ಲು' ಎಂಬ ಆ ಮುದ್ರಿಕೆ ನಾಡಿನ ಹಾಸ್ಟೆಲುಗಳಲ್ಲೆಲ್ಲ ಮೊಳಗಿತು. ಘಾಟಿಯೇರುವ ಲಾರಿಯನ್ನು ಕುರಿತ 'ಎರಡನೇ ಗೇರು', ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರನ್ನು ಕುರಿತ 'ನೀರೊಳಗಿನ ದೀಪ' ಹುಡುಗರ ನಾಲಗೆಯ ಮೇಲೆ ನೆಲೆಸಿದವು. ಮೈಸೂರಿನ ಸಭಾಂಗಣದಲ್ಲಿ ತಂಡ ವೇದಿಕೆಗೆ ಬಂದೊಡನೆ ಸಭೆಯೇ ಒಕ್ಕೊರಲಿನಿಂದ ಜಯಪ್ಪನ ಮಾತನ್ನು ಕೂಗಿತು. ವೇದಿಕೆಯ ಹಿಂದೆ ತಂತಿ ಸುತ್ತುತ್ತಿದ್ದ ಜಯಪ್ಪ ಸುತ್ತುವುದನ್ನೇ ಮರೆತು ನಿಂತಿದ್ದ.

ಆ ಹೆಮ್ಮೆಯೇ ಎಡವಟ್ಟಾಯಿತು. ಹೂವಯ್ಯನ ಮಗಳ ಧಾರೆಗೆ ದೊಡ್ಡಪ್ಪನ ಬಾಯಿಂದ ಗಣಪತಿಯ ಹೆಸರು ಕೇಳಲೆಂದು ಜಯಪ್ಪ ಆ ಪ್ಲೇಟಿಗೆ ಮುಳ್ಳಿಟ್ಟ. ಹಾಡಿಗೆ ಮುನ್ನ ಎತ್ತಬೇಕೆನ್ನುವಷ್ಟರಲ್ಲಿ ಯಾರೋ ಅವನ ಎರಡೂ ಅಂಗೈಗೆ ಅಕ್ಷತೆ ಸುರಿದರು. ಅಕ್ಷತೆಯನ್ನು ನೆಲಕ್ಕೆ ಚೆಲ್ಲಲಾರದೆ ನಿಂತ. ಡ್ರಮ್ಮು ಗಿಟಾರುಗಳು ಚಪ್ಪರದ ಮೇಲೆರಗಿದವು. ಹಾಡಿಗೆ ಮುಂಚಿನ ಅವನ ಮಾತು ಗಟ್ಟಿಮೇಳದ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅಂದಿನಿಂದ ಹೂವಯ್ಯ ಅಣ್ಣನ ಹೊಸ್ತಿಲು ತುಳಿದಿರಲಿಲ್ಲ.

*

"ಬರೀ ಮಾತು," ಎಂದ ಹೂವಯ್ಯ ಕೊನೆಗೆ, ಕೈ ಸಡಿಲಿಸಿ. "ಹಾಡು ಶುರುವಾಗೋ ಮುಂಚೆ ಮುಳ್ಳು ಎತ್ಬೇಕು."

"ಹಂಗೇ ಆಗ್ಲಿ, ಗೌಡ್ರೇ."

ಹಲಸಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನಿನಲ್ಲಿ ಮೊದಲು ಉಸಿರು, ಬಳಿಕ ಮಾತು ಕೇಳಿಸಿತು: "ಗಣಪತೀ, ಮಾನ ಕಾಪಾಡಪ್ಪ. ಹಲೋ... ಹಲೋ... ದೂರ ಇರೋರಿಗೆ ಕೇಳ್ತದಾ?"

ದುಗ್ಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಹೇರಂಬನ ಬೆರಳು ಮುಳ್ಳಿನ ಬಳಿ ಸಾರಿತು.

"ಕೇಳ್ತು ಅಣ್ಣಯ್ಯ," ಎಂದ ಹೂವಯ್ಯ. ಮರುಕ್ಷಣ ಹೇರಂಬನತ್ತ ತಿರುಗಿ, "ಮುಟ್ಬೇಡಿ ಭಟ್ರೇ! ಪೂರ್ತಿ ಹೋಗ್ಲಿ."

ಗಿಟಾರು ಗರ್ಜಿಸಿತು. ಡ್ರಮ್ಮಿನ ಪೆಟ್ಟಿಗೆ ಜಗಲಿಯ ಹಲಗೆಗಳು ನಡುಗಿದವು. ಹೂವಯ್ಯ ಬೆಂಕಿಮಡಕೆಯನ್ನು ಎತ್ತಿಕೊಂಡ, ಚಟ್ಟ ಎದ್ದಿತು.

ರಸ್ತೆಗೆ ಬರುವಾಗ ಮಂಡಗದ್ದೆಯ ಕಡೆಯ ಬಸ್ಸು ಎದುರಾಯಿತು. ಡ್ರೈವರು ಇಂಜಿನ್ನು ನಿಲ್ಲಿಸಿ ತಲೆ ಹೊರಹಾಕಿದ.

"ಹೋಗಿದ್ದು ಯಾರು, ಗೌಡ್ರೇ?"

ಹೂವಯ್ಯ ಹಿಂದಿರುಗಿ ಚಟ್ಟವನ್ನು ನೋಡಲಿಲ್ಲ. ಹಾಡು ಮೊಳಗುತ್ತಿದ್ದ ಹಾರ್ನಿನತ್ತ ಕೈಯೆತ್ತಿ ತೋರಿಸಿ, ಬಸ್ಸಿಗೆಲ್ಲ ಕೇಳುವಂತೆ ಕೂಗಿದ.

"ನಮ್ಮಣ್ಣ!"

ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಒಂದೊಂದಾಗಿ ಹಲಸಿನ ಮರದ ಕಡೆಗೆ ಹೊರಳಿದವು.