ಬಿಸಿನೀರು ನಾಗಪ್ಪನ ಹಿಮ

ಶರಣಬಸವ ಲ್ಯಾಪ್‌ಟಾಪ್ ಮುಚ್ಚಲು ಹೋದ. ಗಿರಿಜಾದೇವಿ ನಡುವೆ ಅಂಗೈ ತೂರಿಸಿದರು. ಮುಚ್ಚಳ ಅವರ ಬಳೆಗೆ ತಾಗಿ ಅಲ್ಲೇ ನಿಂತಿತು.

"ಕೈ ತಗೀ ಅವ್ವಾ. ಗಾಡಿ ಬರೋ ಹೊತ್ತಾತು."

"ನೀ ಹೂಂ ಅನ್ನು, ತಗೀತೀನಿ."

ಲಂಡನ್ನಿನ ಇಲ್ಫರ್ಡಿನ ಆ ಸಾಲುಮನೆಯ ಅಡುಗೆಮನೆಯಲ್ಲಿ ಮೂವರು ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲ. ತಾಯಿ, ಮಗ, ಒಲೆಗೆ ಬೆನ್ನು ಕೊಟ್ಟು ನಿಂತ ಸೊಸೆ ಸೌಜನ್ಯಾ, ಅಲ್ಲಿಗೆ ಅದು ತುಂಬಿತ್ತು. ಮುಂದಿನ ಕೋಣೆಯ ಸೋಫಾ ಸರಿಸಿ ಜಾಗ ಮಾಡಿದ್ದರು. ವಿಭೂತಿಯ ತಟ್ಟೆ, ಈಸ್ಟ್ ಹ್ಯಾಮಿನ ಅಂಗಡಿಯಿಂದ ತಂದ ಬಿಲ್ವಪತ್ರೆ, ಹೂವು ಎಲ್ಲ ಸಿದ್ಧವಿದ್ದವು. ಮನೆಯ ಯಜಮಾನ ನಾಗಲಿಂಗಪ್ಪ ಮಧ್ಯಾಹ್ನ ಊಟ ಮಾಡಿ ಕುರ್ಚಿಗೆ ಒರಗಿದವರು ಮತ್ತೆ ಏಳದೆ ಎರಡು ವಾರವಾಗಿತ್ತು. ಈ ಊರಿನಲ್ಲಿ ಸತ್ತವರೂ ಸರದಿಗೆ ಕಾಯಬೇಕು. ಅವರ ಸರದಿ ಇವತ್ತು ಬಂದಿತ್ತು.

ಜಗಳ ಫೋಟೋಗಳ ಬಗ್ಗೆ. ಸ್ಮಶಾನದ ಪ್ರಾರ್ಥನಾ ಕೋಣೆಯಾದ ಚಾಪೆಲಿನ ಗೋಡೆಯ ಮೇಲೆ ದೊಡ್ಡ ಪರದೆ ಇದೆ, ಮಣ್ಣಿಗೆ ಒಯ್ಯುವ ಮುಂಚೆ ಸ್ವಲ್ಪ ಹೊತ್ತು ತೀರಿಕೊಂಡವರ ಚಿತ್ರ ತೋರಿಸಬಹುದು, ನಿಮ್ಮ ಲ್ಯಾಪ್‌ಟಾಪನ್ನೇ ಜೋಡಿಸಿಕೊಳ್ಳಿ ಎಂದು ಅಲ್ಲಿಯವರು ಹೇಳಿದ್ದರು. ಶರಣಬಸವ ಅಚ್ಚುಕಟ್ಟಾಗಿ ಆರಿಸಿಟ್ಟಿದ್ದ. ಗೋಲಗುಂಬಜದ ಮುಂದೆ ಹುಡುಗ ನಾಗಲಿಂಗಪ್ಪ, ಮದುವೆಯ ಬಾಸಿಂಗದ ನಾಗಲಿಂಗಪ್ಪ, ಅಂಚೆಯ ಸಾರ್ಟಿಂಗ್ ಆಫೀಸಿನಿಂದ ನಿವೃತ್ತರಾದ ದಿನ ಸೂಟು ತೊಟ್ಟು ಕೇಕಿನ ಮುಂದೆ ನಿಂತ ನಾಗಲಿಂಗಪ್ಪ. ಬೆಳಗಿನ ಚಹಾ ಕುಡಿಯುತ್ತ ಅವನ್ನು ನೋಡಿದ ಗಿರಿಜಾದೇವಿ, ಇವೆಲ್ಲ ಮಂದಿ ತೆಗೆದ ಫೋಟೋ, ಅವರು ತೆಗೆದವು ಎಲ್ಲಿ ಎಂದು ಕೇಳಿದ್ದರು. ಅಲ್ಲಿಂದ ಶುರುವಾಗಿತ್ತು.

"ಅಪ್ಪ ತಗದಿದ್ದು ಬರೀ ಗಾಜಿನ ಮ್ಯಾಲಿನ ಬರ್ಫ. ಸಾವಿನ ಮನ್ಯಾಗ ಕಾರಿನ ಗಾಜು ತೋರಸ್ತಾರೇನ ಯಾರಾದರೂ? ಬಂದವರು ನಗತಾರ."

"ನಗ್ಲಿ."

ನಗಲಿ ಎನ್ನುವುದು ಅವರಿಗೆ ಸುಲಭ. ಶರಣಬಸವನಿಗೆ ಸುಲಭವಾಗಿರಲಿಲ್ಲ. ಬಸವ ಜಯಂತಿಯಿರಲಿ, ಯಾರದೋ ಮಗುವಿನ ಹೆಸರಿಡುವುದಿರಲಿ, ಲಂಡನ್ನಿನ ಕನ್ನಡದವರು ನಾಲ್ಕು ಮಂದಿ ಸೇರಿದರೆ ಅವನ ಅಪ್ಪನನ್ನು ನಡುವೆ ಕೂರಿಸಿಕೊಂಡು ನಗುತ್ತಿದ್ದರು, ಅಪ್ಪನೂ ಜೊತೆಗೆ ನಗುತ್ತಿದ್ದ. ಚಿಕ್ಕಂದಿನಲ್ಲಿ ಶರಣಬಸವ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಇವತ್ತು ಒಂದು ದಿನವಾದರೂ ಅಪ್ಪನನ್ನು ನೆನೆದು ಯಾರೂ ನಗಬಾರದು ಎಂಬುದು ಅವನ ಹಟ. ಗಿರಿಜಾದೇವಿಯ ಹಟ ಇನ್ನೊಂದು. ಗಂಡ ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ, ಅದನ್ನು ಕಾಣದೆ ಯಾರೂ ಮನೆಗೆ ಹೋಗಬಾರದು.

ಸೌಜನ್ಯಾ ಬೆಂಗಳೂರಿನವಳು, ಇಬ್ಬರ ನಡುವೆ ಮಾತಾಡುವುದು ಕಡಿಮೆ. ಈಗ ಮಾತ್ರ ಬಾಯಿಬಿಟ್ಟಳು. "ಮಾವ ದಿನಾ ಮಾಡ್ತಿದ್ದ ಕೆಲ್ಸ ಅದು ಶರಣು. ಅತ್ತೆ ಹೇಳೋದ್ರಲ್ಲೂ ನ್ಯಾಯ ಇದೆ."

ಬಾಗಿಲ ಗಂಟೆ ಹೊಡೆಯಿತು. ಕಿಟಕಿಯಾಚೆ ನಾಗಲಿಂಗಪ್ಪನವರನ್ನು ಹೊತ್ತ ಕರಿಯ ಉದ್ದ ಗಾಡಿ ಬಂದು ನಿಂತಿತ್ತು.

"ನಿನಗ ತಿಳಿದಂಗ ಮಾಡು ಅವ್ವಾ," ಎಂದ ಶರಣಬಸವ. "ಮಂದಿ ನಕ್ಕ ಮ್ಯಾಲ ನನ್ನ ಮುಂದ ಅಳಬ್ಯಾಡ."

ಗಿರಿಜಾದೇವಿ ಕೈ ತೆಗೆದು, ಗಂಡನ ಫೋನನ್ನು ಸೊಸೆಯ ಕೈಗೆ ಕೊಟ್ಟರು. ಯಾವುದನ್ನು ಬೇಕಾದರೂ ಆರಿಸು, ಬರ್ಫದ್ದಷ್ಟೇ ಇರಲಿ ಎಂದು ಹೇಳಿ ಬಾಗಿಲು ತೆರೆಯಲು ಹೋದರು.

*

ಜನ ನಗುತ್ತಿದ್ದ ಕತೆ ಇದು.

ವಿಜಯಪುರದಿಂದ ಬಂದ ಮೊದಲ ವರ್ಷ ನಾಗಲಿಂಗಪ್ಪ ಹೆಂಡತಿಯೊಂದಿಗೆ ಈಸ್ಟ್ ಹ್ಯಾಮಿನಲ್ಲಿ ಆಕೆಯ ಅಣ್ಣ ಮುರಿಗೆಪ್ಪನ ಮನೆಯಲ್ಲಿದ್ದರು. ಹೆಂಡತಿಯ ತವರಿನ ಅನ್ನ ಗಂಟಲಲ್ಲಿ ಇಳಿಯುವುದು ಕಷ್ಟ. ಏನಾದರೂ ಕೈಲಾದ ಕೆಲಸ ಮಾಡಿಕೊಡಬೇಕು ಎಂದು ಅವರ ಜೀವ ಹಪಹಪಿಸುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮುರಿಗೆಪ್ಪ ಹೊಸದಾಗಿ ಕೊಂಡ ಕಾರಿನ ಮುಂಗಾಜು ಪೂರ್ತಿ ಬೆಳ್ಳಗಾಗಿತ್ತು. ವಿಜಯಪುರದಲ್ಲಿ ಗಾಜಿನ ಮೇಲೆ ಕೂರುವುದು ಧೂಳು, ಅದಕ್ಕೆ ಮದ್ದು ಒಂದು ಚೆಂಬು ನೀರು. ಇದು ಬರ್ಫ, ಆದ್ದರಿಂದ ಇದಕ್ಕೆ ಬಿಸಿನೀರು. ಹೀಗೆ ಲೆಕ್ಕ ಹಾಕಿ, ಕೆಟಲಿನಲ್ಲಿ ಕುದಿಯುತ್ತಿದ್ದ ನೀರನ್ನು ಹಾಗೆಯೇ ತಂದು ಸುರಿದರು. ಹಿಮವೇನೋ ಹೋಯಿತು. ಗಾಜು ಈ ತುದಿಯಿಂದ ಆ ತುದಿಗೆ ಸೀಳಿತು.

ಮುರಿಗೆಪ್ಪ ಬೈಯಲಿಲ್ಲ. ಬೈದಿದ್ದರೆ ಅಂದಿಗೇ ಮುಗಿಯುತ್ತಿತ್ತು. ಅವರು ಅದನ್ನು ಕತೆ ಮಾಡಿ ಊರಿಗೆಲ್ಲ ಹೇಳಿದರು. ನಾಗಲಿಂಗಪ್ಪ ಹೋಗಿ ಬಿಸಿನೀರು ನಾಗಪ್ಪ ಆದರು, ಆ ಹೆಸರು ನಲವತ್ತು ವರ್ಷ ಬಿಡಲಿಲ್ಲ.

ಮರುದಿನ ಅವರು ಪ್ಲಾಸ್ಟಿಕ್ಕಿನ ಸ್ಕ್ರೇಪರೊಂದನ್ನು ಕೊಂಡರು. ಆ ಚಳಿಗಾಲ ಮುಗಿಯುವವರೆಗೆ ಭಾವನ ಕಾರಿನ ಗಾಜನ್ನು ಕೈಯಾರೆ ಕೆರೆದರು. ಇಲ್ಫರ್ಡಿಗೆ ಬಂದ ಮೇಲೂ ಚಟ ಹೋಗಲಿಲ್ಲ. ಸಾರ್ಟಿಂಗ್ ಆಫೀಸಿಗೆ ಹೊರಡುವ ಮುಂಚೆ ಬೀದಿಯ ನಾಲ್ಕಾರು ಗಾಜು ಕೆರೆದೇ ಹೋಗುತ್ತಿದ್ದರು. ಅವರಿಗೆ ಸ್ವತಃ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಗಿರಿಜಾದೇವಿಗೆ.

*

ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ, ಇಲ್ಲಿ ಮಲಗಿಸಿಯೇ ಮಾಡಬೇಕು. ಅಕ್ಸ್‌ಬ್ರಿಡ್ಜಿನಿಂದ ರಜೆ ಹಾಕಿ ಬಂದಿದ್ದ ಜಂಗಮರು ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಅಂಗೈಯಲ್ಲಿ ಲಿಂಗವಿದ್ದರೆ ಕುಳಿತರೇನು ಮಲಗಿದರೇನು ಎಂದರು. ಮುಂದಿನ ಕೋಣೆಯಲ್ಲಿ ಶರಣಬಸವ ಅಪ್ಪನ ಹಣೆಗೆ ವಿಭೂತಿ ಹಚ್ಚಿದ. ಗಿರಿಜಾದೇವಿ ಗಂಡನ ಬೆರಳುಗಳನ್ನು ಒಂದೊಂದಾಗಿ ಸವರಿದರು. ಚಳಿಗೆ ಒಡೆದೊಡೆದು ಗಡುಸಾಗಿದ್ದ ಬೆರಳು. ಅಳು ಬಂತು, ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಲ್ಯಾಪ್‌ಟಾಪ್ ಮರೆಯಬೇಡ ಎಂದು ಸೊಸೆಗೆ ನೆನಪಿಸಿದರು.

*

ಫೋಟೋ ಶುರುವಾದದ್ದು ನಿವೃತ್ತಿಯಾದ ವರ್ಷ. ಮಗ ತನ್ನ ಹಳೆಯ ಫೋನು ಕೊಟ್ಟಿದ್ದ. ಜನವರಿಯ ಒಂದು ಬೆಳಿಗ್ಗೆ ಸ್ಕ್ರೇಪರ್ ಹಿಡಿದು ಹೊರಗೆ ಹೋದ ನಾಗಲಿಂಗಪ್ಪ ಹಾಗೆಯೇ ಹಿಂದಿರುಗಿ, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೈಹಿಡಿದು ಕರೆದೊಯ್ದರು. ಪಕ್ಕದ ಮನೆಯ ನರ್ಸ್ ಡೆನಿಸ್‌ಳ ಕಾರಿನ ಗಾಜಿನ ಮೇಲೆ ರಾತ್ರಿಯ ಹಿಮ ಉದ್ದುದ್ದ ಗರಿಗಳಾಗಿ ಹರಡಿತ್ತು. ಒಂದು ಗರಿಯ ಹಾಗೆ ಇನ್ನೊಂದಿರಲಿಲ್ಲ.

"ಇದನ್ನ ಹ್ಯಾಂಗ ಕೆರೀಲಿ ಹೇಳು," ಎಂದರು.

"ಕೆರೀದಿದ್ದರ ಆಕಿ ಡ್ಯೂಟಿಗೆ ಹ್ಯಾಂಗ ಹೋಗಬೇಕು?"

ಅದೂ ಹೌದೆನ್ನಿಸಿ, ಜೇಬಿನಿಂದ ಫೋನು ತೆಗೆದು ಒಂದು ಫೋಟೋ ಹಿಡಿದರು. ಆಮೇಲೆ ಕೆರೆದರು.

ಅಂದಿನಿಂದ ಅದೇ ನೇಮ. ದಿನಕ್ಕೆ ಒಂದೇ ಫೋಟೋ, ಚೆನ್ನಾಗಿ ಬರಲಿ ಬಿಡಲಿ ಎರಡನೆಯದಿಲ್ಲ. ಗಾಜು ಮಾತ್ರ, ನಂಬರ್ ಪ್ಲೇಟು ಬೀಳಬಾರದು, ಅದು ಮಂದಿಯ ಗಾಡಿ. ಹಿಮ ಬಿದ್ದ ದಿನ ಹಿಮ, ಇಬ್ಬನಿಯಿದ್ದರೆ ಇಬ್ಬನಿ. ಜೂನ್ ತಿಂಗಳಲ್ಲಿ ಏನೂ ಸಿಗದೆ ಫ್ರಿಜ್ಜಿನ ಐಸ್ ಟ್ರೇ ಹೊರಬರುತ್ತಿತ್ತು. ವಿಜಯಪುರಕ್ಕೆ ಹೋದಾಗ ಕಬ್ಬಿನಹಾಲಿನ ಅಂಗಡಿಯ ಮುಂದೆ, ಗೋಣಿತಟ್ಟು ಹೊದ್ದ ಬರ್ಫದ ಗಡ್ಡೆಯ ಎದುರು ಕುಕ್ಕರುಗಾಲಲ್ಲಿ ಕೂತರು. ಅಂಗಡಿಯವನು ಇವರನ್ನು ಮುನ್ಸಿಪಾಲಿಟಿಯವರೆಂದು ತಿಳಿದು ಕುರ್ಚಿ ತಂದುಕೊಟ್ಟ.

ತೆಗೆದದ್ದನ್ನೆಲ್ಲ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಮೊದಲು ಶಹಭಾಸ್ ಎಂದವರು, ಆಮೇಲೆ ಹೆಬ್ಬೆರಳು ಒತ್ತಿದರು, ಕೊನೆಗೆ ಅದನ್ನೂ ಬಿಟ್ಟರು. ನಾಗಲಿಂಗಪ್ಪ ಬಿಡಲಿಲ್ಲ. ಯಾರೂ ನೋಡೂದಿಲ್ಲ ಎಂದು ಮಗ ಒಮ್ಮೆ ಹೇಳಿದ್ದಕ್ಕೆ, ನಾ ನೋಡೀನಲ್ಲ ಎಂದಿದ್ದರು.

*

ಚಾಪೆಲಿನ ಎಡಗಡೆಯ ಬೆಂಚುಗಳಲ್ಲಿ ಕನ್ನಡದವರು ಕೂತಿದ್ದರು. ಬಲಗಡೆ ಬೀದಿಯವರು. ಅಷ್ಟು ಜನ ಬರುತ್ತಾರೆಂದು ಶರಣಬಸವ ಎಣಿಸಿರಲಿಲ್ಲ, ಅರ್ಧ ಜನರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಜಂಗಮರು ಎರಡು ವಚನ ಹೇಳಿದರು. ಆಮೇಲೆ ಹಿರಿಯರೆಂದು ಮುರಿಗೆಪ್ಪ ಎದ್ದು ನಿಂತರು.

ಶರಣಬಸವ ಹೆದರಿದ್ದು ಇದಕ್ಕೇ. ಮುರಿಗೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಂಗಿಯ ಗಂಡ ಸಾಧು ಮನುಷ್ಯ, ಇರುವೆಗೂ ನೋವು ಮಾಡಿದವನಲ್ಲ ಎಂದು ಆರಂಭಿಸಿದರು. ಸ್ವಲ್ಪದರಲ್ಲೇ ದಾರಿ ಕೆಟಲಿನ ಕಡೆ ಹೊರಳಿತು. ನಾಯಿ ಬಾಲ ಡೊಂಕು ಎನ್ನುವುದು ಸುಳ್ಳಲ್ಲ. ಬೀದಿಯವರಿಗೂ ತಿಳಿಯಲಿ ಎಂದು ಕತೆಯನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದರು. ಎಡಗಡೆ ಒಂದು ಸಲ ನಗು ಬಂತು, ಬಲಗಡೆ ಒಂದು ಸಲ. ಶರಣಬಸವ ನೆಲ ನೋಡುತ್ತ ಕೂತ.

ಆ ನಗು ಆರುವ ಮುನ್ನವೇ ಸೌಜನ್ಯಾ ಚಿತ್ರ ಹಾಕಿದಳು.

ಪರದೆ ಬೆಳ್ಳಗಾಯಿತು. ಅಲ್ಲಿಯ ಕೆಲಸದವನು ಪರದೆ ಕೆಟ್ಟಿತೆಂದುಕೊಂಡು ತಂತಿ ಅಲುಗಿಸಲು ಓಡಿಬಂದ. ಸೌಜನ್ಯಾ ಬೇಡವೆಂದು ತಲೆಯಾಡಿಸಿ ಮುಂದಿನದನ್ನು ಹಾಕಿದಳು. ಅದೂ ಬಿಳಿಯೇ. ಹಿಂದಿನ ಸಾಲಿನಲ್ಲಿ ಯಾರೋ, ಫೈಲ್ ಹಾಳಾಗಿರಬೇಕು ಪಾಪ ಎಂದು ಪಿಸುಗುಟ್ಟಿದರು. ಇನ್ಯಾರೋ ಕಿಸಕ್ಕನೆ ನಕ್ಕರು. ಶರಣಬಸವ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದ. ಗಿರಿಜಾದೇವಿ ಮಾತ್ರ ತಲೆಯೆತ್ತಿ ಪರದೆ ನೋಡುತ್ತಿದ್ದರು.

ಮೂರನೆಯ ಚಿತ್ರ ಬಂದಾಗ ಡೆನಿಸ್ ಎದ್ದಳು. ಗರಿಗರಿಯಾದ ಹಿಮದ ಕೆಳಗೆ, ಮೂಲೆಯಲ್ಲಿ, ಹಸಿರು ಚೀಟಿಯೊಂದು ಮಸುಕಾಗಿ ಕಾಣುತ್ತಿತ್ತು.

"ಅದು ನನ್ನ ಕಾರು," ಎಂದಳು ಇಂಗ್ಲಿಷಿನಲ್ಲಿ. "ಆ ಹಸಿರು ನಮ್ಮ ಆಸ್ಪತ್ರೆಯ ಪಾರ್ಕಿಂಗ್ ಚೀಟಿ." ಪರದೆಯತ್ತ ಬೆರಳು ಮಾಡಿ ಮತ್ತೆ ಹೇಳಿದಳು. "ಬೆಳಗಿನ ಪಾಳಿಗೆ ಹೊರಟಾಗ ಗಾಜು ಯಾವಾಗಲೂ ಸ್ವಚ್ಛವಾಗಿಯೇ ಇರುತ್ತಿತ್ತು. ಅದರ ಮೇಲೆ ಇಂಥದ್ದಿತ್ತೆಂದು ನನಗೆ ಗೊತ್ತೇ ಇರಲಿಲ್ಲ."

ಮುಂದಿನದರಲ್ಲಿ ಕನ್ನಡಿಗೆ ನೇತುಹಾಕಿದ ಜಪಮಣಿಯ ಕರಿ ಗೆರೆ ಇತ್ತು. ಮಿನಿಕ್ಯಾಬ್ ಓಡಿಸುವ ರಹೀಮ್ ಭಾಯಿ ಶಾಲೆಯ ಹುಡುಗನಂತೆ ಕೈಯೆತ್ತಿದರು. ಅದರ ಮುಂದಿನದರಲ್ಲಿ ಸೊಟ್ಟ ವೈಪರ್, ಎದುರುಮನೆಯ ಮುದುಕ ಕೋಲೂರಿಕೊಂಡು ಅರ್ಧ ಎದ್ದ. ಆಮೇಲೆ ಬಲಗಡೆಯ ಬೆಂಚುಗಳಲ್ಲಿ ಕೈಗಳು ಏಳತೊಡಗಿದವು. ಒಂದು ಗಾಜಿಗೆ ಇಬ್ಬರು ಕೈಯೆತ್ತಿ, ಅದು ನಿನ್ನದಲ್ಲ ನನ್ನದು ಎಂದು ಮೆಲ್ಲಗೆ ವಾದಿಸಿದರು. ಜನ ನಕ್ಕರು. ಈ ನಗುವಿಗೆ ಶರಣಬಸವ ತಲೆಯೆತ್ತಿದ. ಅಪ್ಪನ ಹಿಮವನ್ನು ಅಷ್ಟು ದೊಡ್ಡದಾಗಿ ಅವನೂ ನೋಡಿದ್ದು ಅಂದೇ.

ಎಡಗಡೆಯಿಂದ ಒಂದು ಕೈ ಎದ್ದಿತು. ಪರದೆಯ ಮೇಲೆ ಗಾಜಿನೊಳಗೆ ಬಸವಣ್ಣನ ಪುಟ್ಟ ಮೂರ್ತಿಯ ನೆರಳಿತ್ತು. ಸಂಕ್ರಾಂತಿಗೆ ತಂಗಿ ಮತ್ತು ಆಕೆಯ ಗಂಡ ತನ್ನ ಮನೆಯಲ್ಲಿ ಉಳಿದ ಬೆಳಿಗ್ಗೆ ಕಾರಿನ ಮೇಲೆ ಹಿಮ ಬಿದ್ದಿತ್ತೆಂಬುದೇ ಮುರಿಗೆಪ್ಪನಿಗೆ ತಿಳಿದಿರಲಿಲ್ಲ.

"ಇದು ನನ್ನ ಗಾಡಿ," ಎಂದರು. ಟೊಪ್ಪಿಗೆಯನ್ನು ಮುಖಕ್ಕೆ ಒತ್ತಿಕೊಂಡು ಕೂತರು.

ಸೌಜನ್ಯಾ ಮತ್ತೊಂದು ಹಾಕಿದಳು. ದಟ್ಟ ಹಿಮ, ಚೀಟಿಯಿಲ್ಲ, ಮಣಿಯಿಲ್ಲ. ಸ್ಟಿಯರಿಂಗ್ ಇರುವ ಕಡೆ, ಬಿಳಿಯ ಹಿಂದೆ, ಕೆಂಪಗೆ ಏನೋ ಒಂದು. ಯಾರ ಕೈಯೂ ಏಳಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿದರು. ರಹೀಮ್ ಭಾಯಿ ತನ್ನದಲ್ಲವೆಂದು ತಲೆಯಾಡಿಸಿದರು. ಈ ಚಿತ್ರವನ್ನು ಮಾತ್ರ ನಾಗಲಿಂಗಪ್ಪ ವಾಟ್ಸಾಪಿಗೆ ಹಾಕಿರಲಿಲ್ಲ. ಗಿರಿಜಾದೇವಿ ಇದನ್ನು ನೋಡುತ್ತಿದ್ದುದು ಇದೇ ಮೊದಲು.

ಬೀದಿಯ ಗಾಜುಗಳೆಲ್ಲ ಮುಗಿದ ಮೇಲೆ ನಾಗಲಿಂಗಪ್ಪ ಮನೆಯ ಕಾರಿಗೆ ಬರುತ್ತಿದ್ದರು. ಅಷ್ಟರಲ್ಲಿ ಗಿರಿಜಾದೇವಿ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೊರಟು, ಕೆಂಪು ಸ್ವೆಟರ್ ತೊಟ್ಟು, ಒಳಗೆ ಹೀಟರ್ ಹಾಕಿಕೊಂಡು ಕೂತಿರುತ್ತಿದ್ದರು. ಹಿಮದ ಆಚೆ ಗಂಡ ಸುಮ್ಮನೆ ನಿಂತದ್ದು ತಿಳಿಯುತ್ತಿತ್ತು, ಏನು ಮಾಡುತ್ತಿದ್ದಾರೆಂದು ಕಾಣುತ್ತಿರಲಿಲ್ಲ. ಲಗೂ ಮಾಡ್ರಿ, ಹೊತ್ತಾತು ಎಂದು ಕಿಟಕಿ ಇಳಿಸಿ ಬೈಯುತ್ತಿದ್ದರು.

ಗಿರಿಜಾದೇವಿ ಎದ್ದು ನಿಂತರು. ಬಲಗೈಯನ್ನು ಆದಷ್ಟು ಮೇಲಕ್ಕೆ ಎತ್ತಿದರು. ಬಳೆಗಳು ಮೊಣಕೈವರೆಗೆ ಜಾರಿದವು.

"ನಂದು," ಎಂದರು.

ಸೌಜನ್ಯಾ ಕೀಲಿಯಿಂದ ಬೆರಳು ತೆಗೆದಳು. ಕೆಂಪು ಪರದೆಯ ಮೇಲೆ ಹಾಗೆಯೇ ಉಳಿಯಿತು. ಗಿರಿಜಾದೇವಿ ಕೈ ಇಳಿಸದೆ, ಹಿಂದಿನ ಸಾಲಿನವರಿಗೂ ಕಾಣಲೆಂದು, ನಿಂತಲ್ಲೇ ಜನರ ಕಡೆಗೆ ತಿರುಗಿದರು.